ಐದನೇ ಪುಟದ ಭತ್ತ

ನಾನು ಬರೆದಿರುವುದು ಒಂದೇ ಒಂದು ಪುಸ್ತಕ. ಅದಕ್ಕೆ ಹನ್ನೆರಡು ಪುಟ. ಪುಟಕ್ಕೊಂದು ಫೋಟೊ, ಫೋಟೊದ ಕೆಳಗೆ ಒಂದೋ ಎರಡೋ ಸಾಲು. ಒಂದು ಮದುವೆ ಕಾರ್ಡಿನಲ್ಲಿ ಇರುವಷ್ಟು ಮಾತೂ ಅದರಲ್ಲಿಲ್ಲ. ಅಷ್ಟರಲ್ಲೇ ಒಂದು ಸುಳ್ಳು ಬರೆದು, ಆ ಸುಳ್ಳನ್ನು ಏಳು ವರ್ಷದ ಒಂದು ಹುಡುಗಿಯ ಬಾಯಿಂದ ಬಲವಂತವಾಗಿ ಓದಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನನ್ನನ್ನು ನಾನೇ ವಹಿಸಿಕೊಂಡು ಮಾತಾಡಲು ಶುರುಮಾಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಹರಿಹರದವಳು. ದಾವಣಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಓದು ಕಲಿಸುತ್ತೇನೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಶಾಲೆಯ ಹಿಂದಿನ ಓಣಿಗಳ ತುಂಬ ಮಂಡಕ್ಕಿ ಭಟ್ಟಿಗಳು. ಗಾಳಿ ಈ ಕಡೆ ತಿರುಗಿದರೆ ಹೊಗೆ ನೇರ ಕ್ಲಾಸಿನೊಳಗೇ ಬರುತ್ತದೆ, ಕಿಟಕಿಯ ಸರಳು ಮುಟ್ಟಿದರೆ ಕೈ ಕಪ್ಪಾಗುತ್ತದೆ. ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಯ ಮನೆಯವರು ಆ ಭಟ್ಟಿಗಳಲ್ಲೇ ದುಡಿಯುವವರು. ಹೊಗೆ ಬಂದಾಗೆಲ್ಲ ನಾನು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಸುತ್ತಿದ್ದೆ. ಇಷ್ಟು ವರ್ಷ ಆ ಶಾಲೆಯಲ್ಲಿದ್ದರೂ ಒಂದು ಸಲವೂ ಆ ಓಣಿಗೆ ಕಾಲಿಟ್ಟಿರಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಳ್ಳುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಮೇಷ್ಟ್ರುಗಳ ಕೈಯಲ್ಲೇ ಮಕ್ಕಳ ಪುಸ್ತಕ ಬರೆಸುವ ಒಂದು ಸಣ್ಣ ಬಳಗ ಊರಲ್ಲಿ ಶುರುವಾಗಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದರು: "ಕಥೆ ಬ್ಯಾಡ. ಮಾತಾಡೋ ಮೊಲ, ನಗೋ ಚಂದಮಾಮ ಬೇಕಾದಷ್ಟು ಆಗ್ಯಾವೆ. ಮಕ್ಕಳು ದಿನಾ ಕಣ್ಣಾರೆ ನೋಡೋದನ್ನ ಬರೀರಿ. ಇದ್ದದ್ದು ಇದ್ದಂಗೆ ಬರೀರಿ." ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗು ತಾನೇ ಕೈಗೆತ್ತಿಕೊಂಡು ಓದಬೇಕು, ಸಾಲಿಗೆ ಐದಾರು ಪದಕ್ಕಿಂತ ಹೆಚ್ಚಿರಬಾರದು, ಬರೆದದ್ದೆಲ್ಲ ನಿಜವೇ ಆಗಿರಬೇಕು. ಇಷ್ಟೇ ನಿಯಮ. ಭಾನುವಳ್ಳಿಯ ಶಾಲೆಯಿಂದ ಬಂದಿದ್ದ ಮೇಷ್ಟ್ರು ಕಾಲುವೆ ನೀರಿನ ಬಗ್ಗೆ ಬರೆಯುತ್ತೇನೆ ಎಂದರು. ನಾನು ಎದ್ದು ನಿಂತು "ಮಂಡಕ್ಕಿ" ಎಂದೆ. ಎಲ್ಲರೂ ತಲೆದೂಗಿದರು. ದಾವಣಗೆರೆಯಲ್ಲಿ ಮಂಡಕ್ಕಿ ಪುಸ್ತಕ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಒಬ್ಬರು ಕೇಳಿದಾಗ ನನಗೆ ಎರಡು ಕೊಂಬು ಮೂಡಿದವು.

ಬರೆಯುವ ಮುಂಚೆ ಹೋಗಿ ನೋಡಿ ಬರಲೇಬೇಕು ಎಂದಿದ್ದರು. ಹೋದೆ, ಇಲ್ಲ ಎನ್ನುವುದಿಲ್ಲ. ಆದರೆ ಹೋದದ್ದು ಯಾವಾಗ? ಶಾಮನೂರಿನಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೊರಟ ಭಾನುವಾರ, ರೇಷ್ಮೆ ಸೀರೆ ಉಟ್ಟುಕೊಂಡು. ಹೇಗೂ ಆಟೊ ಮಾಡಿದ್ದೇನೆ, ಅದೇ ಖರ್ಚಿನಲ್ಲಿ ಇದೂ ಮುಗಿಯಲಿ ಅಂತ. ಆಟೊದವನಿಗೆ "ಐದ್ ನಿಮಿಷ ನಿಲ್ಲಪ್ಪ" ಎಂದು ಹೇಳಿ ಒಂದು ಭಟ್ಟಿಯ ಬಾಗಿಲಲ್ಲಿ ನಿಂತೆ. ಬಾಗಿಲ ಪಕ್ಕ ಭತ್ತದ ಚೀಲಗಳು. ಒಳಗೆ ಉರಿಯುವ ಒಲೆ, ಅದರ ಮೇಲೆ ದೊಡ್ಡ ಬಾಣಲೆ, ಬಾಣಲೆಯಲ್ಲಿ ಕಪ್ಪು ಮರಳು. ಅದರಾಚೆ ಬೆಳ್ಳನೆ ಮಂಡಕ್ಕಿ ರಾಶಿ. ಒಬ್ಬ ಹೆಂಗಸು ದೊಡ್ಡ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಜಾಲಿಸುತ್ತಿದ್ದಳು. ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಮಂಡಕ್ಕಿ ಮಾಡುವುದನ್ನು ನೋಡಲು ಬಂದೆ ಎಂದೆ.

"ಒಳಗ ಬರ್ರಿ ಅಕ್ಕಾರೆ, ಅಲ್ಲೇ ಯಾಕ ನಿಂತ್ರಿ? ಕೂಡ್ರಿ, ಮೊದ್ಲಿಂದ ಹೆಂಗೆ ಮಾಡ್ತೀವಿ ಅಂತ ತೋರಿಸ್ತೀನಿ."

ಒಳಗೆ ಕಾಲಿಟ್ಟರೆ ಸೀರೆಗೆ ಮಸಿ. "ಇನ್ನೊಂದ್ ಸಲ ಬರ್ತೀನಮ್ಮ. ಒಂಚೂರು ಜರಡಿ ಹಂಗೇ ಹಿಡ್ಕೊ" ಎಂದು ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಹದಿನೈದಿಪ್ಪತ್ತು ಫೋಟೊ ತೆಗೆದುಕೊಂಡೆ. ಜರಡಿ ಹಿಡಿದ ಅವಳ ಎರಡು ಕೈ ಬಹಳ ಚೆನ್ನಾಗಿ ಬಂದಿದ್ದವು. ಹಸಿರು ಬಳೆ, ಎಡಗೈ ಮಣಿಕಟ್ಟಿನ ಹತ್ತಿರ ಹುಣಸೆ ಬೀಜದಷ್ಟಗಲದ ಒಂದು ಸುಟ್ಟ ಕಲೆ. ಅವಳ ಹೆಸರು ಕೇಳಬೇಕು ಅಂತ ನನಗೆ ಹೊಳೆಯಲೂ ಇಲ್ಲ.

ಸಂಜೆ ಬಸ್ಸು ಹರಿಹರ ಮುಟ್ಟುವುದರೊಳಗೆ ಪುಸ್ತಕ ಬರೆದು ಮುಗಿಸಿದ್ದೆ. ಬಾಗಿಲಲ್ಲಿ ಭತ್ತ ಕಂಡಿದ್ದೆ, ಹಿಂದೆ ಮಂಡಕ್ಕಿ ಕಂಡಿದ್ದೆ, ನಡುವೆ ಬಿಸಿ ಮರಳು ಕಂಡಿದ್ದೆ. ಇನ್ನೇನು ಬೇಕು? ಐದನೇ ಪುಟದಲ್ಲಿ ಹೀಗೆ ಬರೆದೆ: "ಭತ್ತವನ್ನು ಬಿಸಿ ಮರಳಿನಲ್ಲಿ ಹುರಿಯುತ್ತಾರೆ. ಭತ್ತ ಅರಳಿ ಮಂಡಕ್ಕಿ ಆಗುತ್ತದೆ." ಓದಿ ನೋಡಿಕೊಂಡೆ. ಮಕ್ಕಳ ಬಾಯಿಗೆ ಹಿಡಿಸುವ ಹಾಗಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಪುಸ್ತಕ ಅಚ್ಚಾಗಿ ದಾವಣಗೆರೆ, ಹರಿಹರದ ಸುತ್ತಿನ ಕೆಲವು ಶಾಲೆಗಳಿಗೆ ಹೋಯಿತು. ರಕ್ಷಾಪುಟದ ಮೇಲೆ ಆ ಜರಡಿ ಹಿಡಿದ ಕೈಗಳು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿದೆ. ಹಾಲು ಹಾಕುವವನನ್ನೂ ಬಿಡಲಿಲ್ಲ.

ನನ್ನ ಕ್ಲಾಸಿನಲ್ಲಿ ಮಕ್ಕಳು ಮೂರು ಗುಂಪಾಗಿ ಕೂರುತ್ತಾರೆ. ಅಕ್ಷರ ಗುಂಪು, ಪದ ಗುಂಪು, ಓದುವ ಗುಂಪು. ಓದುವ ಗುಂಪಿನ ಚಾಪೆ ಕಿಟಕಿಯ ಹತ್ತಿರ. ಪುಸ್ತಕಗಳನ್ನು ದಾರಕ್ಕೆ ನೇತುಹಾಕಿರುವುದು ಅಲ್ಲಿಯೇ. ಆ ಚಾಪೆಗೆ ಬರುವುದೆಂದರೆ ಮಕ್ಕಳಿಗೆ ಪಟ್ಟಕ್ಕೆ ಬಂದಷ್ಟು ಹಿಗ್ಗು. ಮೊದಲೇ ಹೇಳಿದೆನಲ್ಲ, ಆ ಹುಡುಗಿ, ಎರಡನೇ ಕ್ಲಾಸಿನವಳು, ಮಳೆಗಾಲದಲ್ಲಿ ಆ ಚಾಪೆಗೆ ಬಂದಳು. ಬಂದ ದಿನವೇ ನನ್ನ ಪುಸ್ತಕ ಇಳಿಸಿಕೊಂಡು, ಹೊರಗಿನ ಫೋಟೊ ನೋಡಿ, ಓಡಿ ಬಂದು ನನ್ನ ಸೆರಗು ಜಗ್ಗಿದಳು.

"ಮಿಸ್, ಇವು ನಮ್ಮವ್ವನ ಕೈ. ಈ ಕಲೆ ನೋಡ್ರಿ."

ನನಗೆ ಖುಷಿಯಾಯಿತು. ಎಲ್ಲರಿಗೂ ತೋರಿಸು ಎಂದೆ. ಅವಳು ಪುಸ್ತಕ ಎದೆಗವಚಿಕೊಂಡು ಒಬ್ಬೊಬ್ಬರ ಮುಂದೆಯೂ ನಿಂತು ತೋರಿಸಿ ಬಂದಳು. ಅವತ್ತಿನಿಂದ ಅದು ಅವಳದೇ ಪುಸ್ತಕ. ಬೇರೆಯವರು ಮುಟ್ಟಿದರೆ "ಮಡಚಬ್ಯಾಡ್ರೋ" ಎಂದು ಕೂಗುತ್ತಿದ್ದಳು.

ಅವಳು ಆ ಚಾಪೆಗೆ ಬಂದು ಎಂಟು ದಿನವೂ ಆಗಿರಲಿಲ್ಲ, ಶಿಕ್ಷಣ ಇಲಾಖೆಯ ಆಫೀಸಿನಿಂದ ಸಾಹೇಬರೊಬ್ಬರು ಕ್ಲಾಸು ನೋಡಲು ಬಂದರು. ಸ್ವತಃ ಮೇಡಂ ಬರೆದ ಪುಸ್ತಕವನ್ನೇ ಯಾರಾದರೂ ಓದಲಿ ಎಂದರು. ನಾನು ಬೇಕೆಂದೇ ಆ ಹುಡುಗಿಯನ್ನು ಕರೆದೆ. ಅವಳು ಎದ್ದು ನಿಂತು ನಾಲ್ಕು ಪುಟ ಗಣಗಣ ಓದಿದಳು. ಐದನೇ ಪುಟಕ್ಕೆ ಬಂದವಳು ಒಂದು ಕ್ಷಣ ನಿಂತು, ಆಮೇಲೆ ಓದಿದಳು: "ಅಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿಯುತ್ತಾರೆ. ಅಕ್ಕಿ ಅರಳಿ ಮಂಡಕ್ಕಿ ಆಗುತ್ತದೆ."

ಓದು ಕಲಿಯುವ ಮಕ್ಕಳು ಹೀಗೆ ಮಾಡುವುದುಂಟು. ಅಕ್ಷರ ಬಿಟ್ಟು ಚಿತ್ರ ನೋಡಿ ಅಂದಾಜಿನ ಮೇಲೆ ಓದುತ್ತಾರೆ. "ಹಸು" ಎಂದು ಬರೆದಿದ್ದರೆ "ದನ" ಎನ್ನುತ್ತಾರೆ. ಅದನ್ನು ಬಿಡಿಸುವುದೇ ನಮ್ಮ ಕೆಲಸ. ನಾನು ಹತ್ತಿರ ಹೋಗಿ "ಚಿತ್ರ ನೋಡಿ ಓದಬ್ಯಾಡ, ಅಕ್ಷರ ನೋಡಿ ಓದು" ಎಂದೆ. ಅವಳು ಮತ್ತೆ "ಅಕ್ಕಿಯನ್ನು" ಎಂದಳು. ನನ್ನ ಕೋಪ ಇರುವುದೇ ಮೂಗಿನ ತುದಿಯಲ್ಲಿ. ಪದದ ಕೆಳಗೆ ಬೆರಳಿಟ್ಟೆ.

"ಇದು ಯಾವ ಅಕ್ಷರ?"

"ಭ."

"ಇದು?"

"ತ್ತ."

"ಸೇರಿಸು."

ಅವಳು ನನ್ನ ಮುಖ ನೋಡಿದಳು. "ಭತ್ತ ಅಲ್ರಿ ಮಿಸ್, ಅಕ್ಕಿ. ಭತ್ತ ಹಾಕಿದ್ರೆ..."

"ಎದುರು ಮಾತಾಡಬ್ಯಾಡ" ಎಂದೆ. ಸಾಹೇಬರ ಕಡೆ ತಿರುಗಿ, ನಗುತ್ತಾ, "ಇವಳಿಗಿನ್ನೂ ಓದೋಕೆ ಬರಲ್ಲ ಸಾರ್, ಅಂದಾಜಿಗೆ ಓದ್ತಾಳೆ. ಬೇಗ ಈ ಗುಂಪಿಗೆ ತಂದುಬಿಟ್ಟೆ, ನಂದೇ ತಪ್ಪು" ಎಂದೆ. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟೆ. ಅವನು "ಭತ್ತವನ್ನು" ಎಂದು ಸರಿಯಾಗಿ ಓದಿದ. ಸಾಹೇಬರು ಚಪ್ಪಾಳೆ ತಟ್ಟಿದರು.

ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ. ಆ ಮಗು "ಭ" ಎಂದಿತ್ತು, "ತ್ತ" ಎಂದಿತ್ತು. ಓದಲು ಬರುತ್ತದೆ ಎನ್ನಲು ಇನ್ನೇನು ಸಾಕ್ಷಿ ಬೇಕಿತ್ತು ನನಗೆ? "ಭತ್ತ ಹಾಕಿದ್ರೆ" ಅಂದಮೇಲೆ ಏನು ಹೇಳುತ್ತಾಳೆ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಕೇಳಲಿಲ್ಲ. ಮಾರನೆಯ ದಿನ ಅವಳ ಚೀಲ ಎತ್ತಿ ಅಕ್ಷರ ಗುಂಪಿನ ಚಾಪೆಯ ಮೇಲೆ ಇಟ್ಟೆ. ಒಂದನೇ ಕ್ಲಾಸಿನ ಚಿಕ್ಕ ಮಕ್ಕಳ ನಡುವೆ ಅವಳೊಬ್ಬಳೇ ಉದ್ದಕ್ಕೆ ಕಾಣುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನು ಕರಗುತ್ತಿದ್ದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ ಇರಬಹುದು.

ದಸರಾ ರಜೆ ಮುಗಿಯುವವರೆಗೆ ಅಲ್ಲೇ ಇಟ್ಟೆ. ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅದೇ ಪುಸ್ತಕ ಕೊಟ್ಟು ಐದನೇ ಪುಟ ತೆಗೆಸಿದೆ. ಅವಳು ಫೋಟೊ ಕಡೆ ಕಣ್ಣೆತ್ತಲಿಲ್ಲ. ಬೆರಳನ್ನು ಒಂದೊಂದು ಅಕ್ಷರದ ಕೆಳಗೂ ಒತ್ತಿ ಹಿಡಿದು ಓದಿದಳು: "ಭತ್ತವನ್ನು ಬಿಸಿ ಮರಳಿನಲ್ಲಿ ಹುರಿಯುತ್ತಾರೆ." ನಾನು "ಭೇಷ್, ಈಗ ನೋಡು ಹೆಂಗೆ ಓದ್ತೀಯ" ಎಂದು ಎಲ್ಲರ ಕೈಯಿಂದ ಚಪ್ಪಾಳೆ ಹೊಡೆಸಿ, ಅಂಗೈ ಮೇಲೆ ಕೆಂಪು ಇಂಕಿನಲ್ಲಿ ನಕ್ಷತ್ರ ಬರೆದು, ಕಿಟಕಿ ಪಕ್ಕದ ಚಾಪೆಗೆ ಕಳಿಸಿದೆ. ನನ್ನ ಪದ್ಧತಿ ಗೆದ್ದಿತು ಎಂದು ಬೀಗಿದೆ ಕೂಡ.

ಎರಡು ದಿನ ಕಳೆದು ಅವಳ ಅವ್ವ ಯಾವುದೋ ಅರ್ಜಿಗೆ ಸಹಿ ಹಾಕಲು ಶಾಲೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವಳು ನನ್ನ ಗುರುತು ಹಿಡಿದು ನಕ್ಕಳು. "ನೀವೇ ಏನ್ರಿ ಅವತ್ತು ಬಂದಿದ್ದು? ಮತ್ತೆ ಬರಲೇ ಇಲ್ಲ ನೀವು." ಸಹಿ ಹಾಕುತ್ತಾ, ತಮಾಷೆಯ ಸಂಗತಿ ಹೇಳುವವಳಂತೆ ಹೇಳಿದಳು:

"ನಿಮ್ ಪುಸ್ತಕದ ದೆಸೆಯಿಂದ ನನ್ ಮಗಳು ಮನ್ಯಾಗ ನನ್ನ ಜೋಡಿ ಜಗಳ ತೆಗೆದಾಳ್ರಿ ಮೇಡಮ್ಮೋರೆ. ಅವ್ವಾ, ನೀ ಮಾಡೋದು ತಪ್ಪು, ಮರಳಿಗೆ ಹಾಕಬೇಕಾಗಿದ್ದು ಭತ್ತ, ನೀ ಅಕ್ಕಿ ಹಾಕ್ತೀ ಅಂತಾಳೆ. ಭತ್ತ ಹಾಕಿದ್ರೆ ಅಳ್ಳಾಗ್ತೈತಲ್ಲೇ, ಮಂಡಕ್ಕಿ ಎಲ್ಲಿಂದ ಬರ್ತೈತೆ ಅಂದೆ. ಊಹ್ಞೂಂ, ಪುಸ್ತಕದಾಗ ಹಂಗೇ ಐತೆ, ಮಿಸ್ ಬರೆದಾರೆ, ನಿನಗೆ ಓದೋಕೆ ಬರಲ್ಲ ಅಂದಳು."

ಭತ್ತ ಹುರಿದರೆ ಅರಳು. ಪಂಚಮಿ ಹಬ್ಬಕ್ಕೆ ಪ್ರತಿ ವರ್ಷ ನನ್ನ ಕೈಯಾರೆ ಜೋಳದ ಅರಳು ಹುರಿಯುತ್ತೇನೆ. ಭತ್ತವೂ ಹಾಗೇ ಅರಳುತ್ತದೆ, ಮಂಡಕ್ಕಿಯಾಗುವುದಿಲ್ಲ ಎಂದು ಗೊತ್ತಾಗಲು ನನಗೆ ಭಟ್ಟಿಯೇ ಬೇಕಿರಲಿಲ್ಲ. ಒಂದು ಕ್ಷಣ ತಲೆ ಉಪಯೋಗಿಸಿದ್ದರೆ ಸಾಕಿತ್ತು. ಅವಳು "ಸಣ್ಣ ಹುಡುಗಿ, ಬಿಡ್ರಿ" ಎಂದು ನನಗೇ ಸಮಾಧಾನ ಹೇಳಿದಳು. "ನಿನಗೆ ಓದೋಕೆ ಬರಲ್ಲ" ಎಂಬ ಮಾತನ್ನು ಆ ಹುಡುಗಿ ಕಲಿತದ್ದು ಎಲ್ಲಿಂದ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೇ. ಹೇಳಿಬಿಡಬೇಕಿತ್ತು. ಅರ್ಜಿ ಇಸಿದುಕೊಂಡು ಅವಳನ್ನು ಕಳಿಸಿಬಿಟ್ಟೆ.

ಅವತ್ತು ಶಾಲೆ ಬಿಟ್ಟ ಮೇಲೆ ಭಟ್ಟಿಗೆ ಹೋದೆ. ಈ ಸಲ ಒಳಗೆ ಹೋದೆ. ಅವಳು ಚೀಲ ಹಾಸಿ ಕೂರಿಸಿ, ಒಂದು ಹಿಡಿ ಭತ್ತ ಬಿಸಿ ಮರಳಿಗೆ ಎಸೆದು ಜಾಲಿಸಿ ತೋರಿಸಿದಳು. ಸಿಪ್ಪೆ ಅಂಟಿಕೊಂಡ ಅರಳು ಬಂತು. ಆಮೇಲೆ ಒಂದು ಹಿಡಿ ಅಕ್ಕಿ ಎಸೆದಳು. ಕಣ್ಣು ಮಿಟುಕಿಸುವುದರೊಳಗೆ ಮಂಡಕ್ಕಿ ಎದ್ದಿತು. "ಭತ್ತ ಬಿಸಿನೀರಾಗ ನೆನೆಸಿ, ಕಾಯಿಸಿ, ಒಣಗಿಸಿ, ಮಿಲ್ಲಿನಾಗ ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಆಮ್ಯಾಲೆ ಮರಳಿಗೆ ಹಾಕೋದ್ರಿ. ದಿನಗಟ್ಟಲೆ ಕೆಲಸ ಇದು." ಆ ದಿನಗಟ್ಟಲೆ ಕೆಲಸವನ್ನು ನಾನು ಎರಡು ಸಾಲಿನಲ್ಲಿ ನುಂಗಿಹಾಕಿದ್ದೆ. ಹನ್ನೆರಡೇ ಪುಟದಲ್ಲಿ ಎಲ್ಲಾ ಹೇಗೆ ಹಿಡಿಸಲಿ ಎಂದು ಒಂದು ನೆಪ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಪುಟ ಕಡಿಮೆಯಾಗಿ ಆದ ತಪ್ಪಲ್ಲ ಅದು, ಸೀರೆಗೆ ಮಸಿಯಾಗುತ್ತದೆಂದು ಆದ ತಪ್ಪು.

ಆಗ ಹೇಳಿದೆ. ಸಾಹೇಬರು ಬಂದ ದಿನ ನಿಮ್ಮ ಮಗಳು ಸರಿಯಾಗಿ ಹೇಳಿದ್ದಳು, ನಾನೇ ಬಾಯಿ ಮುಚ್ಚಿಸಿದೆ, ಎರಡು ತಿಂಗಳು ಸಣ್ಣ ಮಕ್ಕಳ ಜೊತೆ ಕೂರಿಸಿದೆ ಎಂದು. ಅವಳು ಜರಡಿ ನಿಲ್ಲಿಸಿದಳು. ನಗು ಹೋಗಿತ್ತು. "ಅದಕ್ಕೇನ್ರಿ ಆಗ ಶಾಲೆಗೆ ಹೋಗಲ್ಲ ಅಂತಿದ್ದಳು" ಎಂದಳು. "ನಾ ಹೊಡೆದು ಕಳಿಸ್ತಿದ್ದೆ." ಅಷ್ಟು ಹೇಳಿ ಮತ್ತೆ ಜರಡಿ ಹಿಡಿದಳು. ಬಯ್ದಿದ್ದರೆ ಒಳ್ಳೆಯದಿತ್ತು.

ಬಳಗದ ಹೆಂಗಸಿಗೆ ಫೋನ್ ಮಾಡಿದೆ. "ಮುಂದಿನ ಸಲ ಪ್ರಿಂಟ್ ಮಾಡುವಾಗ ಸರಿ ಮಾಡೋಣ ಬಿಡ್ರಿ, ಸಣ್ಣ ಮಕ್ಕಳಿಗೆ ಏನು ಗೊತ್ತಾಗ್ತೈತೆ" ಎಂದರು. ಇದ್ದದ್ದು ಇದ್ದಂಗೆ ಬರೀರಿ ಎಂದಿದ್ದ ಬಾಯಿಯೇ ಅದು. ಆದರೆ ನಾನು ಯಾವ ಮುಖ ಇಟ್ಟುಕೊಂಡು ಅವರನ್ನು ಅನ್ನಲಿ? ಝೆರಾಕ್ಸ್ ಅಂಗಡಿಯಲ್ಲಿ ಸರಿಯಾದ ಎರಡು ಸಾಲಿನ ಚೀಟಿ ಮಾಡಿಸಿಕೊಂಡು, ಗೋಂದಿನ ಬಾಟಲಿ ಚೀಲದಲ್ಲಿ ಹಾಕಿಕೊಂಡು, ಶನಿವಾರ ಮಧ್ಯಾಹ್ನಗಳಲ್ಲಿ ಶಾಲೆಯಿಂದ ಶಾಲೆಗೆ ತಿರುಗಿದೆ. ಕಡರನಾಯಕನಹಳ್ಳಿಯಲ್ಲಿ ಐದನೇ ಪುಟವನ್ನು ಒಂದು ಮಗು ಅಷ್ಟೂ ನೀಟಾಗಿ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡಿತ್ತು. ಅದನ್ನೂ ತಿದ್ದಿದೆ. ಭಾನುವಳ್ಳಿಯ ಮೇಷ್ಟ್ರು ಚಹಾ ತರಿಸಿ, "ಇಷ್ಟಕ್ಕೋಸ್ಕರ ಬಂದ್ರಾ?" ಎಂದರು. ಆಮೇಲೆ ತಾವೂ ಕಾಲುವೆ ಪುಸ್ತಕದಲ್ಲಿ ತಪ್ಪು ಬರೆದಿದ್ದನ್ನು ಹೇಳಿದರು. ಅಚ್ಚಿಗೆ ಕೊಡುವ ಮುಂಚೆ ಊರಿನ ನೀರುಗಂಟಿಗೆ, ಅಂದರೆ ಹೊಲಗಳಿಗೆ ನೀರು ಬಿಡುವವನಿಗೆ, ಅದನ್ನು ಓದಿ ಹೇಳಿದ್ದರಂತೆ. ಅವನು ಎರಡು ಕಡೆ ತಿದ್ದಿಸಿದನಂತೆ. ಅವರಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ?

ನನ್ನ ಕ್ಲಾಸಿನ ಪ್ರತಿಗಳನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೆ. ಹೆದರಿಕೆ, ಮತ್ತೇನಲ್ಲ. ಕಡೆಗೆ ಒಂದು ಸೋಮವಾರ ಮಕ್ಕಳನ್ನೆಲ್ಲ ಕೂರಿಸಿ, "ಈ ಪುಸ್ತಕದ ಐದನೇ ಪುಟ ನಾನು ತಪ್ಪು ಬರೆದಿದ್ದೆ. ನೋಡದೇ ಬರೆದಿದ್ದೆ" ಎಂದೆ. ಅವರು ಪಿಳಿಪಿಳಿ ನೋಡಿದರು. ಮಿಸ್ ತಪ್ಪು ಬರೆಯುತ್ತಾರೆ ಎಂಬುದು ಅವರಿಗೆ ಅರ್ಥವೇ ಆಗಲಿಲ್ಲ. ಆ ಹುಡುಗಿಯನ್ನು ಕರೆದು ಚೀಟಿ ಅಂಟಿಸಲು ಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು, ಸೊಟ್ಟವಾಗದ ಹಾಗೆ ಅಂಟಿಸಿ, ಅಂಗೈಯಿಂದ ಸವರಿದಳು. ಓದು ಎಂದೆ. ಬೆರಳನ್ನು ಒಂದೊಂದು ಅಕ್ಷರದ ಕೆಳಗೂ ಒತ್ತಿ ಹಿಡಿದು ಓದಿದಳು: "ಉಪ್ಪು ಹಿಡಿಸಿದ ಅಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿಯುತ್ತಾರೆ. ಅಕ್ಕಿ ಅರಳಿ ಮಂಡಕ್ಕಿ ಆಗುತ್ತದೆ."

ಭತ್ತ ಓದಿದ್ದ ದನಿಯಲ್ಲೇ ಓದಿದಳು. ಯಾವ ವ್ಯತ್ಯಾಸವೂ ಇರಲಿಲ್ಲ.

ನಾನು ಮಂಡಿಯೂರಿ ಅವಳ ಮುಂದೆ ಕೂತೆ. "ನೋಡು ಪುಟ್ಟಿ, ನಿಮ್ಮವ್ವ ಮಾಡೋದೇ ಸರಿ. ನೀನು ಅವತ್ತು ಸಾಹೇಬರ ಮುಂದೆ ಇದನ್ನೇ ಹೇಳಿದ್ದೆ. ನಿನಗೆ ಮೊದಲೇ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ."

ಅವಳು ನನ್ನನ್ನು ನೋಡಿದಳು. ನನಗೆ ನೋವಾಗದಿರಲಿ ಎಂಬಂತೆ, ಬಹಳ ಮೆತ್ತಗೆ ತಲೆಯಾಡಿಸಿದಳು.

"ಇಲ್ರಿ ಮಿಸ್. ಅವತ್ತು ನಾ ತಪ್ಪು ಓದಿದ್ದೆ."

ಅಷ್ಟು ಹೇಳಿ ಪುಸ್ತಕವನ್ನು ದಾರಕ್ಕೆ ನೇತುಹಾಕಿ, ತನ್ನ ಜಾಗಕ್ಕೆ ಹೋಗಿ ಕೂತಳು.